ಎರಡನೆಯ ನಂಬರಿನ ಕಬ್ಬಿಣ

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಒಂದು ಕಬ್ಬಿಣದ ಪಟ್ಟಿ ಇದೆ. ಗೇಣುದ್ದ, ಎರಡು ಬೆರಳಗಲ. ನಡುವೆ ಬಗ್ಗಿದೆ, ಬಗ್ಗಿದಲ್ಲಿ ಬಾಯಿ ಬಿಟ್ಟಿದೆ. ತುದಿಯಲ್ಲಿ ಪಂಚಿನಿಂದ ಹೊಡೆದ ಅಂಕಿ, ಎರಡು. ಝಳಕಿಯ ಶೆಡ್ಡಿನಿಂದ ಅದನ್ನು ಯಾಕೆ ತಂದೆ ಎಂದು ಕೇಳಿದವರಿಗೆ ಇಷ್ಟು ವರ್ಷ ಒಂದೇ ಉತ್ತರ ಹೇಳಿದ್ದೇನೆ: ಅಲ್ಲಿ ನನಗೆ ಮೋಸವಾಯಿತು, ಅದರ ಗುರುತಿಗೆ. ಈಗೀಗ ಆ ಉತ್ತರದ ಮೇಲೆ ನನಗೇ ನಂಬಿಕೆ ಕಡಿಮೆಯಾಗಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಇಂಡಿಗೆ ಮರಳಿದ್ದೆ. ತಂದೆಯ ಗೆಳೆಯರೊಬ್ಬರು ಝಳಕಿಯಲ್ಲಿ ಹೆದ್ದಾರಿಯ ಬದಿಗೆ ನೀರಿನ ಟ್ಯಾಂಕು, ಟ್ರ್ಯಾಕ್ಟರ್ ಟ್ರೇಲರು ಮಾಡುವ ಶೆಡ್ ಇಟ್ಟಿದ್ದರು. ಅವರನ್ನು ನಾನು ಚಿಕ್ಕಂದಿನಿಂದ ಕಾಕಾ ಎನ್ನುತ್ತಿದ್ದೆ. ಕಾಕಾಗೆ ಸೀಮೆಎಣ್ಣೆ, ಪೆಟ್ರೋಲು ಒಯ್ಯುವ ಲಾರಿ ಟ್ಯಾಂಕು ಕಟ್ಟುವ ಆಸೆ. ನೀರಿನ ಟ್ಯಾಂಕು ಸೋರಿದರೆ ನಾಲ್ಕು ಬೈಗುಳ ತಿಂದು ಮತ್ತೆ ಬೆಸೆದರಾಯಿತು. ಪೆಟ್ರೋಲಿನದು ಸೋರಿದರೆ ಬೈಯಲು ಯಾರೂ ಉಳಿಯುವುದಿಲ್ಲ. ಹೀಗಾಗಿ ಅದಕ್ಕೆ ಪರೀಕ್ಷೆ ಇತ್ತು. ಯಾವ ಕಡ್ಡಿಯಿಂದ, ಎಷ್ಟು ಕರೆಂಟಿನಲ್ಲಿ, ಎಷ್ಟು ಪದರಗಳಲ್ಲಿ ಬೆಸೆಯುತ್ತೇವೆ ಎಂಬ ವಿಧಾನವನ್ನು ಮೊದಲೇ ಬರೆದು ಕೊಡಬೇಕು. ಇನ್‌ಸ್ಪೆಕ್ಟರ್ ಎದುರಿಗೆ ಅದರಂತೆ ಪ್ಲೇಟು ಬೆಸೆಯಬೇಕು. ಆಮೇಲೆ ಬೆಸುಗೆಗೆ ಅಡ್ಡಲಾಗಿ ಪಟ್ಟಿಗಳನ್ನು ಕತ್ತರಿಸಿ ಬಗ್ಗಿಸುತ್ತಾರೆ. ಬೆಸುಗೆ ಬಿರಿಯದಿದ್ದರೆ ವಿಧಾನವೂ ಪಾಸು, ಬೆಸೆದವನೂ ಪಾಸು. ಪಾಸಾದವನಿಗೆ ಒಂದು ನಂಬರು ಖಾಯಂ. ಅವನು ಹಾಕಿದ ಪ್ರತಿ ಬೆಸುಗೆಯ ಪಕ್ಕದಲ್ಲಿ, ಟ್ಯಾಂಕಿನ ಮೈಮೇಲೆ, ಆ ನಂಬರು ಹೊಡೆಯಬೇಕು.

ಶೆಡ್ಡಿನಲ್ಲಿ ಅಂಥ ಕೈ ಇದ್ದವರು ಯಾರೂ ಇರಲಿಲ್ಲ. ಮಿಸ್ತ್ರಿಯನ್ನು ನಾನೇ ಹುಡುಕಿ ತಂದೆ. ಬಸವನ ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನವರು, ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸದಲ್ಲಿ ವೆಲ್ಡರ್ ಆಗಿದ್ದರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಬೆಸುಗೆಯ ಮೇಲ್ಮೈ ಕರ್ಚಿಕಾಯಿಯ ಅಂಚಿನಂತೆ ಇರುತ್ತಿತ್ತು. ಒತ್ತೊತ್ತಾಗಿ, ಒಂದೇ ಸಮನಾದ ಸಣ್ಣ ಮಡಿಕೆಗಳು. ಅಲ್ಲಿನ ಕೆಲಸ ಬಿಟ್ಟು ಬರಲು ಅವರಿಗೆ ಮನಸ್ಸಿರಲಿಲ್ಲ. ಅಣೆಕಟ್ಟಿನಲ್ಲಿ ಯಾವ ಬೆಸುಗೆ ಯಾರದೆಂದು ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ನಿಮ್ಮ ನಂಬರು ಟ್ಯಾಂಕಿನ ಮೇಲೆ ಊರೂರು ತಿರುಗುತ್ತದೆ ಎಂದು ನಾನು ಹೇಳಿದೆ. ಹೆಡ್ ವೆಲ್ಡರ್ ನೀವೇ ಎಂದೂ ಹೇಳಿದೆ. ಕಾಕಾ ನನಗೆ ಹಾಗೆಯೇ ಮಾತು ಕೊಟ್ಟಿದ್ದರು. ಮಿಸ್ತ್ರಿ ಬಹಳ ಹೊತ್ತು ಬೀಡಿ ಸೇದಿ, ಬರುತ್ತೇನೆ ಎಂದರು.

ವಿಧಾನದ ಹಾಳೆಯನ್ನು ನಾನು ಬರೆದೆ ಎನ್ನುವುದು ಅಷ್ಟು ಸರಿಯಲ್ಲ. ಮಿಸ್ತ್ರಿ ಬೆಸೆಯುತ್ತಿದ್ದರು, ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅವರ ಕೈ ಮಾಡಿದ್ದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದೆ. ಕಡ್ಡಿಗಳನ್ನು ಬಿಸಿ ಉಸುಕಿನಲ್ಲಿ ಹೂತಿಟ್ಟು ಒಣಗಿಸುವುದು ಅವರ ಪದ್ಧತಿ. ಹಸಿ ಇದ್ದರೆ ಬೆಸುಗೆಯ ಹೊಟ್ಟೆಯಲ್ಲಿ ತೂತು ಬೀಳುತ್ತವೆ ಎನ್ನುತ್ತಿದ್ದರು. ಅದನ್ನೂ ಬರೆದೆ.

“ಎಲ್ಲಾ ಬರಕೊಂಡ್ರಲ್ರೀ ಸಾಹೇಬ್ರ,” ಎಂದು ಒಮ್ಮೆ ನಕ್ಕರು. “ನಾಳೆ ನಾ ಸತ್ರ ಈ ಹಾಳೀನ ಬೆಸೀತೈತನ್ರಿ?”

ಪರೀಕ್ಷೆಯ ದಿನ ಇಬ್ಬರು ಕೂತರು. ಒಂದನೆಯ ನಂಬರು ಕಾಕಾನ ಅಳಿಯನಿಗೆ, ಎರಡನೆಯದು ಮಿಸ್ತ್ರಿಗೆ. ಅಳಿಯ ಟ್ರೇಲರು ಬೆಸೆದು ರೂಢಿಯಿದ್ದ ಹುಡುಗಾಟಿಕೆಯ ಮನುಷ್ಯ. ಹೊಸ ಕೆಲಸ ಎಂದು ಕಾಕಾ ಪೂಜೆ ಇಟ್ಟುಕೊಂಡಿದ್ದರು. ಅಳಿಯನ ಪ್ಲೇಟಿಗೆ ಅರಿಶಿನ, ಕುಂಕುಮ ಹಚ್ಚಿ ಅದರ ಮೇಲೆಯೇ ಕಾಯಿ ಒಡೆದರು. ಕಾಯಿಯ ನೀರು ಬೆಸೆಯಬೇಕಾದ ಸಂದಿಯೊಳಗೆ ಇಳಿಯಿತು. ಅವನು ಟವೆಲಿನಿಂದ ಮೇಲೆ ಮೇಲೆ ಒರೆಸಿ ಕೂತ. ಮಿಸ್ತ್ರಿ ತಮ್ಮ ಪ್ಲೇಟನ್ನು ಎತ್ತಿಕೊಂಡು ದೂರ ಸರಿದರು.

“ನಂದಕ್ಕ ಕಾಯಿ ಬ್ಯಾಡ್ರೀ ಮಾಲಕರ. ದೇವ್ರು ನೀರು ಕುಡೀತಾನ, ಕಬ್ಬಿಣ ಕುಡ್ಯಾಂಗಿಲ್ಲ,” ಎಂದರು. ಕಾಕಾನ ಮುಖ ಕಪ್ಪಿಟ್ಟಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಅಥವಾ ಆಮೇಲೆ ನಡೆದದ್ದರಿಂದ ಹಾಗೆ ನೆನಪಾಗುತ್ತಿದೆ.

ಇನ್‌ಸ್ಪೆಕ್ಟರ್ ಎದುರಿಗೆ ಕೂತು ಇಬ್ಬರ ಬೆಸುಗೆಯನ್ನೂ ನೋಡಿದರು. ಎರಡೂ ಪ್ಲೇಟಿನ ಅಂಚಿಗೆ ತಾವೇ ನಂಬರು ಹೊಡೆಸಿದರು. ಇನ್ನು ಪಟ್ಟಿ ಕತ್ತರಿಸಬೇಕು. ಕತ್ತರಿಸುವ ಮೊದಲು ಪ್ಲೇಟಿನ ನಂಬರನ್ನು ಪ್ರತಿ ಪಟ್ಟಿಯ ಮೇಲೂ ಹೊಡೆಯಬೇಕು, ಇಲ್ಲದಿದ್ದರೆ ಯಾವುದು ಯಾರದೆಂದು ಗುರುತು ಉಳಿಯುವುದಿಲ್ಲ. ಆ ಕೆಲಸ ನನ್ನದು, ಹಾಳೆಯಲ್ಲಿ ನನ್ನ ಸಹಿಯೇ ಇತ್ತು. ಅಷ್ಟರಲ್ಲಿ ಕಾಕಾ ಕರೆದರು. “ತಮ್ಮಾ, ಸಾಹೇಬ್ರ ಕೂಡ ಊಟಕ್ಕ ಕುಂಡ್ರು. ಓದಿದಾಂವ ನೀ ಒಬ್ಬನ ಅದಿ.” ಮಿಸ್ತ್ರಿ ಮೊದಲೇ ಊಟಕ್ಕೆ ಹೋಗಿದ್ದರು. ನಾನು ಹೋಗಿ ಜೋಳದ ರೊಟ್ಟಿ ತಿಂದು, ಚಹಾ ಕುಡಿದು ಮರಳಿದಾಗ ಪಟ್ಟಿಗಳು ಕತ್ತರಿಸಿ ಆಗಿದ್ದವು. ನಂಬರೂ ಬಿದ್ದಿತ್ತು. ನಿಮಗ್ಯಾಕೆ ತ್ರಾಸು ಎಂದು ನಾನೇ ಹೊಡೆದೆ ಎಂದ ಅಳಿಯ, ಸುತ್ತಿಗೆ ಇನ್ನೂ ಕೈಯಲ್ಲಿತ್ತು.

ಸಂಜೆಗೆ ಮುಂಚೆ ಜಾಕಿನ ಕೆಳಗೆ ಒಂದೊಂದೇ ಪಟ್ಟಿ ಬಗ್ಗಿಸಿದೆವು. ಒಂದನೆಯ ನಂಬರಿನವು ಹಸಿ ಬಿದಿರಿನಂತೆ ಬಾಗಿದವು. ಎರಡನೆಯ ನಂಬರಿನ ಮೊದಲ ಪಟ್ಟಿಯೇ ಟಪ್ಪೆಂದು ಬಾಯಿ ಬಿಟ್ಟಿತು. ಎರಡನೆಯದೂ ಹಾಗೆಯೇ. ಮಿಸ್ತ್ರಿ ಅದನ್ನು ಎತ್ತಿ ಬೆಳಕಿಗೆ ಹಿಡಿದು ಬಿರುಕಿನ ಒಳಗೆ ನೋಡಿದರು. ಸೂಜಿಮೊನೆಯಷ್ಟು ಸಣ್ಣ ತೂತುಗಳು, ಸಾಲಾಗಿ.

“ಇದು ಕಾಯಿ ನೀರಿನ ತೂತು,” ಎಂದರು ಮೆಲ್ಲಗೆ. “ನನ್ನ ಪ್ಲೇಟಿಗೆ ನೀರ ಬಿದ್ದಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ಸಾಹೇಬ್ರ, ನಂಬರ ಹೊಡ್ಯಾಂವ್ರು ನೀವು. ಹೇಳ್ರಿ.”

ಇನ್‌ಸ್ಪೆಕ್ಟರ್ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದರು. ನಂಬರು ನಾನು ಹೊಡೆಯಲಿಲ್ಲ ಎಂದು ಹೇಳಿದ್ದರೆ ಎರಡೂ ಪರೀಕ್ಷೆ ರದ್ದಾಗುತ್ತಿದ್ದವು, ಶೆಡ್ಡಿಗೆ ಪೆಟ್ರೋಲು ಟ್ಯಾಂಕಿನ ಬಾಗಿಲು ಮುಚ್ಚುತ್ತಿತ್ತು. ಕಾಕಾ ನನ್ನ ಬೆನ್ನ ಹಿಂದೆ ನಿಂತಿದ್ದರು.

“ಎರಡು ಅಂತನ ಐತಲ್ರೀ ಮಿಸ್ತ್ರಿ,” ಎಂದೆ.

ಅವರು ಪಟ್ಟಿಯನ್ನು ನೆಲಕ್ಕೆ ಎಸೆಯಲಿಲ್ಲ. ನನ್ನ ಕೈಯಲ್ಲಿ ಇಟ್ಟರು.

ಮರುದಿನ ಕಾಕಾ ಮಿಸ್ತ್ರಿಗೆ ಹೇಳಿ ಕಳಿಸಿದರಂತೆ: ಕೆಲಸ ಬಿಡಬೇಕಿಲ್ಲ, ಟ್ಯಾಂಕು ನೀವೇ ಬೆಸೆಯಿರಿ, ನಂಬರು ಮಾತ್ರ ಅಳಿಯನದು. ಆಗ ನನಗೆ ಎಲ್ಲಾ ತಿಳಿಯಿತು. ಪಾಸಾದ ವೆಲ್ಡರನನ್ನು ಬೇರೆಯವರು ಕರೆದೊಯ್ಯಬಹುದು, ಮನೆಯ ಅಳಿಯನನ್ನು ಒಯ್ಯುವವರಿಲ್ಲ. ನನ್ನನ್ನು ಊಟಕ್ಕೆ ಕೂರಿಸಿದ್ದು ಇದಕ್ಕೇ. ಮಿಸ್ತ್ರಿ ಅಂದೇ ಗಂಟು ಕಟ್ಟಿಕೊಂಡು ಹೋದರು. ಆಲಮಟ್ಟಿಯಲ್ಲಿ ಅವರ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮೊದಲ ಟ್ಯಾಂಕು ಸೀಮೆಎಣ್ಣೆ ತುಂಬಿಕೊಂಡು ಮುದ್ದೇಬಿಹಾಳಕ್ಕೆ ಹೊರಡುವ ಹೊತ್ತಿಗೆ ನಾನೂ ಕಾಕಾನ ಜೊತೆ ಜಗಳಾಡಿ ಕೆಲಸ ಬಿಟ್ಟಿದ್ದೆ. ನನ್ನ ಮಾತನ್ನು ಸುಳ್ಳು ಮಾಡಿದಿರಿ ಎಂದು ಕೂಗಿದೆ. ಆ ಸಿಟ್ಟು ನಿಜವಾಗಿತ್ತು.

ಮೂರು ನಾಲ್ಕು ವರ್ಷದ ಮೇಲೆ ಸಿಂದಗಿಯ ಬಸ್ ನಿಲ್ದಾಣದ ಹತ್ತಿರ ಮಿಸ್ತ್ರಿ ಸಿಕ್ಕರು. ತಗಡಿನ ಚಪ್ಪರದ ಕೆಳಗೆ ಕಿಟಕಿ ಸರಳು, ಮುರಿದ ಕುಂಟೆ ಬೆಸೆಯುತ್ತಿದ್ದರು. ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದರು. ನಾನು ಹಳೆಯ ಮಾತು ತೆಗೆದೆ. ಅವರು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಆದರೆ ನನ್ನನ್ನು ನೋಡದೆ ಹೇಳಿದರು: “ನೀವು ಊಟಕ್ಕ ಹೋಗಿದ್ರಿ ಬಿಡ್ರಿ. ನಿಮಗೇನ ಗೊತ್ತಿತ್ತು.”

“ಹೌದ್ರಿ,” ಎಂದೆ.

ಅಂದಿನಿಂದ ಆ ಮಾತನ್ನೇ ಆಧಾರವಾಗಿ ಹಿಡಿದಿದ್ದೇನೆ. ಆದರೆ ನಡುವೆ ಒಂದು ಕೆಲಸ ಉಳಿದುಹೋಗಿದೆ, ಈ ಕಥೆ ಹೇಳುವಾಗಲೆಲ್ಲ ನಾನು ಅದನ್ನು ಬಿಟ್ಟು ಹೇಳಿದ್ದೇನೆ. ಬಗ್ಗಿಸುವ ಮೊದಲು ಪಟ್ಟಿಯ ಮೇಲೆ ಉಬ್ಬಿದ ಬೆಸುಗೆಯನ್ನು ತೇಯ್ದು ಪ್ಲೇಟಿನ ಸಮಕ್ಕೆ ತರಬೇಕು. ಊಟದ ನಂತರ ಅದನ್ನು ಮಾಡಿದವನು ನಾನು. ಗ್ರೈಂಡರ್ ಹಿಡಿದು, ಕೊನೆಗೆ ಅರದಿಂದ ಉಜ್ಜಿ. ನೋಡದೆ ಮಾಡಿದೆ, ಅವಸರವಿತ್ತು ಎಂದು ಒಂದು ನೆನಪು ಹೇಳುತ್ತದೆ. ಇನ್ನೊಂದು ನೆನಪಿನಲ್ಲಿ ಒಂದನೆಯ ನಂಬರಿನ ಪಟ್ಟಿ ನನ್ನ ಎಡಗೈಯಲ್ಲಿದೆ, ಹೆಬ್ಬೆರಳಿನ ಕೆಳಗೆ ಮಿಸ್ತ್ರಿಯ ಕರ್ಚಿಕಾಯಿಯ ಅಂಚು.

ಈ ಎರಡನೆಯ ನೆನಪನ್ನು ನಾನು ಆಮೇಲೆ ಕಟ್ಟಿಕೊಂಡಿರಬಹುದು. ಮೇಜಿನ ಮೇಲಿನ ಪಟ್ಟಿಯನ್ನು ಎಷ್ಟು ಹೊರಳಿಸಿದರೂ ಅದು ಏನೂ ಹೇಳುವುದಿಲ್ಲ, ಅದರ ಮೇಲ್ಮೈ ಕನ್ನಡಿಯಂತೆ ನುಣ್ಣಗಿದೆ. ಅಷ್ಟು ನುಣ್ಣಗೆ ತೇಯಬೇಕೆಂದು ಯಾವ ನಿಯಮದಲ್ಲೂ ಇರಲಿಲ್ಲ.