ರೂತವ್ವನ ಮನೆಗೆ ಅಪ್ಪ ಹೋದದ್ದು

ನನ್ನ ತಂದೆ ಮಿಶನರಿಯಾಗಿದ್ದರು ಎಂದು ಹೇಳಲು ನನಗೆ ಇಂದಿಗೂ ಸ್ವಲ್ಪ ಮುಜುಗರ. ಹಾಗೆಂದ ಕೂಡಲೇ ಕೇಳಿದವರ ಕಣ್ಣ ಮುಂದೆ ದೊಡ್ಡ ಟೋಪಿಯ, ಕುದುರೆ ಏರಿದ ಬಿಳಿಯ ದೊರೆಯೊಬ್ಬ ಬಂದು ನಿಲ್ಲುತ್ತಾನೆ. ನಮ್ಮಪ್ಪನೋ ಎರೆಮಣ್ಣಿನ ಬಣ್ಣದ, ಐದಡಿ ಎರಡಂಗುಲದ ಮನುಷ್ಯ. ಏರುತ್ತಿದ್ದದ್ದು ಚೈನು ಕಳಚುವ ಸೈಕಲ್ಲು. ಧಾರವಾಡದ ಕಡೆಯವರೇ. ಮಿಶನ್ನಿನವರು ಅವರನ್ನು ಮೊದಲು ನರಗುಂದಕ್ಕೆ, ಆಮೇಲೆ ರೋಣಕ್ಕೆ, ಕೊನೆಗೆ ಗಜೇಂದ್ರಗಡಕ್ಕೆ ಕಳಿಸಿದರು. ಅವರ ಹಿಂದೆ ಅವ್ವ, ಟ್ರಂಕು, ನಾನು. ನಿಮ್ಮ ಊರು ಯಾವುದು ಎಂದು ಯಾರಾದರೂ ಕೇಳಿದರೆ, ಬಸ್ಸಿನ ಬೋರ್ಡು ಓದಿದಂತೆ ಮೂರನ್ನೂ ಹೇಳಿಬಿಡುತ್ತೇನೆ.

ಹೋದ ಚಳಿಗಾಲದಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಅಪ್ಪ ಆ ಮೂರೂ ಊರಿನ ಚರ್ಚಿನ ಸಭೆಗಳನ್ನು ಒಮ್ಮೆ ನೋಡಿಬರಬೇಕೆಂದು ಹಟ ಹಿಡಿದರು. ಇದು ಮುದುಕರ ಚಪಲ ಎನಿಸಿತು ನನಗೆ. ಒಂದು ಶಾಲು, ಒಂದು ಹಾರ, "ನಿಮ್ಮ ಕಾಲದಾಗ ಭಾಳ ಚಲೋ ಇತ್ರಿ" ಎಂಬ ಒಂದು ಮಾತು, ಇಷ್ಟಕ್ಕಾಗಿ ಹೊರಟಿದ್ದಾರೆ ಎಂದುಕೊಂಡೇ ಕಾರು ಮಾಡಿ, ಅವ್ವನನ್ನೂ ಕೂರಿಸಿಕೊಂಡು ಜೊತೆಗೆ ಹೊರಟೆ. ನನ್ನ ಅಂದಾಜುಗಳು ಸಾಮಾನ್ಯವಾಗಿ ಹೀಗೆಯೇ, ಪೂರ್ತಿ ಆತ್ಮವಿಶ್ವಾಸದಿಂದ ತಪ್ಪಾಗಿರುತ್ತವೆ.

ನರಗುಂದದಲ್ಲಿ ಶಾಲೇನೋ ಸಿಕ್ಕಿತು. ಗೋಡೆಯ ಮೇಲಿನ ಸಭಾಪಾಲಕರ ಪಟ್ಟಿಯಲ್ಲಿ ಅಪ್ಪನ ಹೆಸರೂ ಇತ್ತು, ಒಂದು ಒತ್ತಕ್ಷರ ಕಡಿಮೆಯಾಗಿ. ಅವರು ಅದನ್ನು ಬೆರಳಿನಿಂದ ಮುಟ್ಟಿದರು, ತಿದ್ದಿರೆಂದು ಹೇಳಲಿಲ್ಲ. ರೋಣದಲ್ಲಿ ಆರಾಧನೆಗೆ ಬರುವ ಮನೆಗಳು ನಾಲ್ಕೇ ಉಳಿದಿದ್ದವು. ಅಪ್ಪ ಹಳಬರ ಹೆಸರು ಹಿಡಿದು ಕೇಳುತ್ತ ಹೋದಂತೆ, ಅಲ್ಲಿದ್ದ ಒಬ್ಬ ಮುದುಕ "ತೀರ್ಕೊಂಡ್ರಿ", "ಅವರೂ ಇಲ್ರಿ" ಎನ್ನುತ್ತ ಬಂದ. ಕೊನೆಗೆ ತಾನೇ ನಾಚಿಕೊಂಡು, "ನಾ ಇದ್ದೀನ್ರಿ, ಅಯ್ನೋರ" ಎಂದ. ಎಲ್ಲರೂ ನಕ್ಕೆವು. ಅಪ್ಪ ನಗಲಿಲ್ಲ.

ರೋಣ ಬಿಟ್ಟ ಮೇಲೆ ಅವರು ಕಾರಿನ ಕಿಟಕಿಯ ಕಡೆ ಮುಖ ಮಾಡಿ, "ರೂತವ್ವನ ಮಗಳು ನೆನಪದಾಳೇನು ನಿನಗ?" ಎಂದು ಕೇಳಿದರು.

ನೆನಪಿತ್ತು. ರೂತವ್ವ ಗಜೇಂದ್ರಗಡದ ನಮ್ಮ ಸಭೆಯ ವಿಧವೆ. ಸೀರೆ ನೇಯುವವರ ಮನೆಯೊಂದರಲ್ಲಿ ನೂಲು ಸುತ್ತಿ ಬದುಕುತ್ತಿದ್ದಳು. ಅವಳ ಒಬ್ಬಳೇ ಮಗಳು ಕರುಣಾ ನನ್ನ ಓರಗೆಯವಳು. ಭಾನುವಾರದ ಸಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ತೀರಿಕೊಂಡಳು. ನನಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಅಪ್ಪ ಆಗ ಹೇಳಿದರು.

ಆ ಶನಿವಾರ ಮಧ್ಯಾಹ್ನ ಹುಡುಗಿ ಜ್ವರ ಏರಿ ಬಡಬಡಿಸತೊಡಗಿದ್ದಳು. ಮಗ್ಗದ ಮನೆಯ ಯಜಮಾನ ಅಂಗಿ ತೊಟ್ಟುಕೊಂಡೇ ಬಂದು, "ಲಗೂನ ಗದಗಿನ ದವಾಖಾನಿಗೆ ಒಯ್ಯೂಣ್ರಿ, ನಾನೂ ಬರ್ತೀನಿ" ಎಂದಿದ್ದ. ಮೂರು ಗಂಟೆಗೆ ಬಸ್ಸಿತ್ತು. ಅಪ್ಪ ಬೇಡವೆಂದರು. ಹಿಂದಿನ ತಿಂಗಳಷ್ಟೇ ಅಸೂಟಿ ಎಂಬ ಹಳ್ಳಿಯಲ್ಲಿ ಒಬ್ಬನ ಜ್ವರ ಅವರು ಪ್ರಾರ್ಥನೆ ಮಾಡಿದ ಮೇಲೆ ಇಳಿದಿತ್ತು. ಸುತ್ತಲ ಹಳ್ಳಿಗಳಲ್ಲಿ ಆ ಸುದ್ದಿ ಹರಡಿತ್ತು. "ವಿಶ್ವಾಸ ಇಡವಾ" ಎಂದು ರೂತವ್ವನಿಗೆ ಹೇಳಿ, ಮಗುವಿನ ಹಣೆಯ ಮೇಲೆ ಕೈಯಿಟ್ಟು ಕೂತರು. ಬಸ್ಸು ಹೋಯಿತು. ಮರುದಿನ ಆರಾಧನೆ ನಡೆದಿರುವಾಗ ಕರುಣಾ ಸತ್ತಳು. ಮಣ್ಣು ಕೊಡುವಾಗ ಅಪ್ಪ, ಇದು ದೇವರ ಚಿತ್ತ ಎಂದು ಬೋಧಿಸಿದರು. ಯಾರೂ ಅವರನ್ನು ಏನೂ ಕೇಳಲಿಲ್ಲ.

"ನನ್ನಾಗ ಇದ್ದದ್ದು ವಿಶ್ವಾಸ ಅಲ್ಲ, ಜಂಬ" ಎಂದರು ಅಪ್ಪ.

ನನ್ನ ಪಕ್ಕ ಕೂತಿದ್ದ ಅವ್ವ, "ನಾನೂ ಅಲ್ಲೇ ಇದ್ದೆ. ಕಳಸ್ರಿ ಅನ್ನೂ ಮಾತು ಬಾಯಿತನಕಾ ಬಂದಿತ್ತು. ನುಂಗಿದೆ" ಎಂದಳು.

ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು. ಮಾತೇ ನನ್ನ ಕಸುಬು. ಆ ಹೊತ್ತಿನಲ್ಲಿ ನನಗೆ ಆಡಲು ಸಾಧ್ಯವಾದದ್ದು ಡ್ರೈವರನಿಗೆ ಏಸಿ ಕಡಿಮೆ ಮಾಡಪ್ಪ ಎಂಬ ಒಂದೇ ಮಾತು.

ಗಜೇಂದ್ರಗಡದಲ್ಲಿ ರೂತವ್ವ ಅದೇ ಓಣಿಯ ಅದೇ ಮನೆಯಲ್ಲಿದ್ದಳು. ಕಣ್ಣು ಮಂಜಾಗಿದ್ದರೂ ಅಪ್ಪನ ದನಿ ಹಿಡಿದು, "ಅಯ್ನೋರ! ಅಮ್ಮಾರ! ಬರ್ರಿ, ಬರ್ರಿ" ಎಂದು ಸಂಭ್ರಮದಿಂದ ಎದ್ದಳು. ಪಕ್ಕದ ಮಗ್ಗದ ಮನೆಯಿಂದ ಎರಡು ಕುರ್ಚಿ ತರಿಸಿದಳು. ಅಪ್ಪ ಕೂಡಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂಬಂತೆ ನಿಂತೇ ಹೇಳಿದರು.

"ರೂತವ್ವ, ಅವತ್ತ ಬಸ್ ತಪ್ಪಿಸಿದಾಂವ ನಾನು. ದೇವರ ಮ್ಯಾಲೆ ಹಾಕಿ ಪಾರಾದೆ. ಅದು ನನ್ನ ತಪ್ಪು. ನನ್ನ ಕ್ಷಮಾ ಮಾಡವಾ."

ಅವಳು ಮೆಲ್ಲಗೆ ನೆಲದ ಮೇಲೆ ಕೂತಳು.

"ದೇವರ ಚಿತ್ತ ಅಂದಿದ್ರಿ. ಅದನ್ನ ಹಿಡಕೊಂಡು ಇಷ್ಟು ವರ್ಷಾ ಜೀವಾ ಮಾಡೀನಿ. ಈಗ ಬಂದು ಅಲ್ಲ ಅಂತೀರಿ. ನಿಮ್ಮ ಭಾರ ಇಳೀತು. ನಾ ಇನ್ನ ಏನ್ ಹಿಡಕೊಳ್ಳಲ್ರಿ?"

ಅವಳು ಅಪ್ಪನ ದನಿ ಬಂದ ಕಡೆಗೆ ಮುಖ ಎತ್ತಿದಳು.

"ಖರೇ ಹೇಳ್ರಿ, ಅಯ್ನೋರ. ಆ ಬಸ್ಸಿಗೆ ಹೋಗಿದ್ರ ಉಳೀತಿದ್ಲೇನು?"

"ಗೊತ್ತಿಲ್ಲವಾ" ಎಂದರು ಅಪ್ಪ. ಯಾವ ಪ್ರಶ್ನೆಗೂ ಅವರು ಹಾಗೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ರೂಢಿಯಂತೆ ಅವರ ಕೈಗಳು ಒಂದರೊಳಗೊಂದು ಸೇರತೊಡಗಿದವು. ಅದು ಅವಳಿಗೆ ಹೇಗೆ ತಿಳಿಯಿತೋ, "ಪ್ರಾರ್ಥನಿ ಬ್ಯಾಡ್ರಿ. ಹೋಗ್ರಿ ಈಗ" ಎಂದಳು. ಹೋಗಿ ಬರ್ರಿ ಎನ್ನಲಿಲ್ಲ. ಗೋಡೆಯಾಚೆ ಮಗ್ಗ ತನ್ನ ಪಾಡಿಗೆ ಬಡಿಯುತ್ತಲೇ ಇತ್ತು.

ತಪ್ಪೊಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಹಾಗೆ ಇಳಿದ ಭಾರ ಎಲ್ಲಿ ಹೋಗಿ ಕೂಡುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಅಂದು ಅದು ನನ್ನ ಕಣ್ಣೆದುರಿಗೇ ಒಬ್ಬ ಮುದುಕಿಯ ತೊಡೆಯ ಮೇಲೆ ಹೋಗಿ ಕೂತಿತು. ಅಪ್ಪನಿಗಾದರೂ ಹಗುರಾಯಿತೇ ಎಂದರೆ, ಅದೂ ಇಲ್ಲ. ಮನೆಗೆ ಬಂದ ಮೇಲೆ ಅವರು ಊಟ ಕಡಿಮೆ ಮಾಡಿದರು, ಮಾತು ಇನ್ನೂ ಕಡಿಮೆ ಮಾಡಿದರು. ಹೋಗದೆ ಇದ್ದಿದ್ದರೆ ಚೆನ್ನಾಗಿತ್ತೋ ಏನೋ ಎಂದು ನಾನೂ ಅವ್ವನೂ ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದೆವು.

ಹೆಚ್ಚುಕಡಿಮೆ ತಿಂಗಳಾದ ಮೇಲೆ, ಒಂದು ಬೆಳಗ್ಗೆ ಅಪ್ಪನ ಫೋನು ಬಡಿಯಿತು. ಮಗ್ಗದ ಮನೆಯವರ ಕೈಯಿಂದ ನಂಬರು ಒತ್ತಿಸಿ ರೂತವ್ವ ಮಾತಾಡುತ್ತಿದ್ದಳು. ಅಪ್ಪ ಬಾಗಿಲ ಕಟ್ಟೆಯ ಮೇಲೆ ಕೂತು ಅರ್ಧ ಗಂಟೆ ಕೇಳಿದರು. ನಡುನಡುವೆ "ಹೌದವಾ" ಎಂಬುದೊಂದನ್ನು ಬಿಟ್ಟರೆ ಅವರದು ಬೇರೆ ಮಾತಿರಲಿಲ್ಲ. ಒಳಗೆ ಬಂದಾಗ ಅವ್ವ ಹೆದರಿಕೊಂಡೇ ಕೇಳಿದಳು, "ಏನಂದ್ಲು?"

"ಬೈದ್ಲು. ಭಾಳ ಬೈದ್ಲು. ಅವತ್ತ ಬೈಯೂದಿತ್ತಂತ, ಅಯ್ನೋರಿಗೆ ಹ್ಯಾಂಗ ಬೈಯೂದು ಅಂತ ಸುಮ್ನಿದ್ಲಂತ."

"ಕ್ಷಮಾ ಮಾಡ್ಯಾಳಂತೇನು?"

"ಆ ಮಾತು ಬರಲಿಲ್ಲ" ಎಂದ ಅಪ್ಪ, ಗೋಡೆಯ ಹತ್ತಿರ ಹೋಗಿ ಫೋನನ್ನು ಜೋಪಾನವಾಗಿ ಚಾರ್ಜಿಗೆ ಹಚ್ಚಿದರು. "ಇನ್ನೂ ಮುಗದಿಲ್ಲಂತ. ನಾಳಿ ಮತ್ತ ಮಾಡ್ತಾಳಂತ."