ಹೊತ್ತು ಮುಳುಗುವ ಮುಂಚೆ ಉಣ್ಣುವ ಮೀನು

ಮಗಳು ಮೀನಿನ ಕಾಳಿನ ಡಬ್ಬಿ ತೆರೆದಳು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕಾಗವಾಡದ ನಮ್ಮ ಪಡಸಾಲೆಯಲ್ಲಿದ್ದೆ.

ಗಂಡ ತೀರಿಕೊಂಡ ಮೇಲೆ ಸೋದರತ್ತೆ ನಮ್ಮ ಮನೆಯಲ್ಲೇ ಇದ್ದಳು. ಒಮ್ಮೆ ಮಿರಜಿಗೆ ಹೋದಾಗ, ನಾನು ಹಟ ಹಿಡಿದೆನೆಂದು ಮೀನಿನ ಅಂಗಡಿ ಹೊಕ್ಕಳು. ಬಂಗಾರದ ಬಣ್ಣದ ಜೋಡಿಗಳನ್ನೆಲ್ಲ ಬಿಟ್ಟು, ಬಾಟಲಿಯಲ್ಲಿ ಒಂಟಿಯಾಗಿದ್ದ ನೀಲಿ ಮೀನಿನ ಮುಂದೆ ನಿಂತಳು.

“ಇದು ಫೈಟರ್ ಐತ್ರಿ ಅಕ್ಕಾ. ಜೋಡಿ ಇಟ್ರ ಕಡದಾಡತೈತಿ. ಒಂದ ಇರಬೇಕು,” ಅಂದ ಅಂಗಡಿಯವ.

“ಇದನ್ನ ಕೊಡ್ರಿ. ತಿನ್ನಾಕ ಹುಳ ಮಾತ್ರ ಬ್ಯಾಡ್ರಿ, ನಾವು ಜೈನರು.”

ಅವನು ಒಣ ಕಾಳು ಕೊಟ್ಟ. ಅದರಲ್ಲಿ ಏನಿದೆಯೆಂದು ಅತ್ತೆ ಕೇಳಲಿಲ್ಲ. ಆದರೆ ವಾಸನೆಗೇ ಅವ್ವ ಮೀನನ್ನು ಅಡುಗೆಮನೆಗೆ ಸೇರಿಸಲಿಲ್ಲ. ಬಾಟಲಿ ಪಡಸಾಲೆಯ ಕಿಟಕಿಗೆ ಹೋಯಿತು.

ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ನೇಮವನ್ನು ಮನೆಯಲ್ಲಿ ತಪ್ಪದೆ ನಡೆಸುತ್ತಿದ್ದವಳು ಅತ್ತೆಯೊಬ್ಬಳೇ. ನಾವೆಲ್ಲ ಅಪ್ಪ ಕಬ್ಬಿನ ಹೊಲದಿಂದ ಬಂದ ಮೇಲೆ ದೀಪದ ಬೆಳಕಿನಲ್ಲಿ ಒಟ್ಟಿಗೆ ಕೂರುತ್ತಿದ್ದೆವು. ಅಷ್ಟು ದಿನ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದ ಅತ್ತೆ, ಈಗ ತಾಟು ಹಿಡಿದು ಕಿಟಕಿಯ ಹತ್ತಿರ ಬಂದಳು. ಮೊದಲು ಮೀನಿಗೆ ಕಾಳು, ಆಮೇಲೆ ತನ್ನ ರೊಟ್ಟಿ.

“ಲಗೂನ ಉಣ್ಣಪಾ, ಹೊತ್ತು ಮುಣಗಾಕತ್ತೈತಿ,” ಅನ್ನುತ್ತಿದ್ದಳು.

ಮೀನು ಸತ್ತ ಮೇಲೂ ಬಾಟಲಿಯ ನೀರು ಬದಲಾಯಿಸುವುದನ್ನು ಅವಳು ಬಿಡಲಿಲ್ಲ. ತಾಟು ಹಿಡಿದು ಅಲ್ಲಿಗೇ ಬರುತ್ತಿದ್ದಳು.

“ಮಮ್ಮಿ, ಪಾಪ ಒಂದ ಐತಿ. ಇದಕ್ಕೊಂದು ಜೋಡಿ ತರೂಣೇನ?” ತನ್ನ ಫೈಟರ್ ಮೀನಿಗೆ ಕಾಳು ಹಾಕುತ್ತ ಮಗಳು ಕೇಳುತ್ತಿದ್ದಾಳೆ.

“ಬ್ಯಾಡವಾ, ಕಡದಾಡತಾವ. ನಿನ್ನ ತಾಟು ಇಲ್ಲೇ ತಗೊಂಡ್ ಬಾ.”