ವೇದಿಕೆಯಲ್ಲಿ ಹೇಳಲು ಎರಡು ಸಾಲು

ಭಾನುವಾರ, ಸಂಜೆ 4.20. ಶಿವಾಜಿನಗರದ ಬಾಡಿಗೆ ವೇಷದ ಅಂಗಡಿ. ಅಣ್ಣನ ಮಗಳು, ಏಳು ವರ್ಷದ ಇಂಚರ, ಸೂಪರ್ ಹೀರೋಯಿನ್ ಡ್ರೆಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಮರುದಿನ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ; ಪಾತ್ರದ ಎರಡು ಸಾಲು ಮಾತು ಹೇಳಲೇಬೇಕು.

“ಅತ್ತೆ, ಇವಳು ಸಿನಿಮಾದಲ್ಲಿ ಏನ್ ಹೇಳ್ತಾಳೆ?”

ನೋಡಿದ ಸಿನಿಮಾಗಳನ್ನೆಲ್ಲ ಗುರುತು ಹಾಕಿಡುವ ನನ್ನ ಡೈರಿ ತೆಗೆದು ಗಟ್ಟಿಯಾಗಿ ಓದಿದೆ. ಹನ್ನೊಂದು ಸೂಪರ್ ಹೀರೋ ಚಿತ್ರಗಳಲ್ಲಿ ಏಳರ ಮುಂದೆ ಹೀರೋಯಿನ್ ಬಗ್ಗೆ ‘ಹೀರೋನ ಹೆಸರು ಕೂಗಿದಳು’ ಎಂದಷ್ಟೇ ಇತ್ತು; ಉಳಿದ ನಾಲ್ಕರಲ್ಲಿ ಅವಳ ಮಾತೇ ಇರಲಿಲ್ಲ. ವಿಲನ್‌ಗಳ ಮಾತಾದರೂ ಸಿಗುತ್ತದೇನೋ ಎಂದು ನೋಡಿದರೆ, ಅವರೂ ಬರೀ ಗಹಗಹಿಸಿ ನಕ್ಕು, ಕೊನೆಗೆ ಸತ್ತಿದ್ದರು.

“ಆ ವಿಲನ್‌ಗಳ ಡ್ರೆಸ್ಸನ್ನ ಯಾರೂ ಕೇಳಲ್ಲಮ್ಮ. ರಾವಣಂದು ತಗೋ, ಮಾತಿಗೆ ಬರ ಇಲ್ಲ,” ಎಂದರು ಅಂಗಡಿಯವರು.

ಸೋಮವಾರ ಇಂಚರ ಹತ್ತು ತಲೆ ಹೊತ್ತು ಎರಡಲ್ಲ, ಆರು ಸಾಲು ಹೇಳಿದಳು. ಸಿನಿಮಾದಲ್ಲಿ ಸೂಪರ್ ಹೀರೋಯಿನ್ ಹೇಳಿದ, ಮಗುವೂ ಹೇಳಬಹುದಾದ ಎರಡು ಸಾಲು ಯಾರಿಗಾದರೂ ನೆನಪಿದ್ದರೆ ಬರೆದು ತಿಳಿಸಿ. ಆ ಹೀರೋಯಿನ್ ಡ್ರೆಸ್ ಇಂಚರಳಿಗೆ ತುಂಬ ಒಪ್ಪಿತ್ತು.